ಗರ್ಭದ ಕಾವು, ಕೂಸಿನ ರಕ್ತ

ಸಂಜೆ ಹೊತ್ತಿನಲ್ಲಿ ದೊಡ್ಡಬಳ್ಳಾಪುರದಿಂದ ದೊಡ್ಡಬೆಳವಂಗಲದ ಕಡೆಗೆ ಹೊರಡುವ ಬಸ್ಸಿನಲ್ಲಿ ಕೂತರೆ ಹೋಬಳಿಯ ಅರ್ಧ ಸುದ್ದಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಬಾರದ ಮಳೆ, ರಾಗಿ ತೆನೆ, ಡೇರಿ ಹಾಲಿನ ದರ. ಇವುಗಳ ನಡುವೆ ಇಂಥ ಮಾತೂ ಇರುತ್ತದೆ:

‘ಏನವ್ವಾ, ಮೂರನೇ ಸಲ ಸ್ಕ್ಯಾನಿಂಗ್ ಮಾಡ್ಸಿದ್ಯಂತೆ? ಹೊಟ್ಟೇಲಿರೋ ಕೂಸಿಗೆ ಕಾವು ತಗಲಲ್ವಾ?’

‘ಡಾಕ್ಟ್ರು ಬರ್ಕೊಟ್ರು ಕಣತ್ತೆ, ನಾನೇನ್ ಮಾಡ್ಲಿ?’

ಹಿಂದಿನ ಸೀಟಿನ ಕಾಲೇಜು ಹುಡುಗನಿಗೆ ಇದನ್ನು ಕೇಳಿ ನಗು ಬರಬಹುದು. ಸ್ಕ್ಯಾನಿಂಗ್ ಎಂದರೆ ಬರೀ ಶಬ್ದ, ಅದರಲ್ಲಿ ಬಿಸಿ ಎಲ್ಲಿಂದ ಬಂತು ಎಂದು ಅವನು ಕೇಳಬಹುದು. ಆದರೆ ಆ ಅತ್ತೆಯ ಪ್ರಶ್ನೆಯಲ್ಲಿ ಅಪ್ಪಟ ಭೌತಶಾಸ್ತ್ರವಿದೆ. ಶಬ್ದವೂ ಶಕ್ತಿಯೇ. ಅದನ್ನು ಯಾವುದಾದರೂ ವಸ್ತು ಹೀರಿಕೊಂಡರೆ ಆ ಶಕ್ತಿ ಶಾಖವಾಗಲೇಬೇಕು. ಹೀಗೆ ಹುಟ್ಟುವ ಶಾಖದಿಂದ ಗರ್ಭದಲ್ಲಿರುವ ಮರಿಗೆ ಏನಾದರೂ ಆಗುತ್ತದೆಯೇ, ಅದರ ಮಿದುಳಿಗೆ, ಅದರ ರಕ್ತಕ್ಕೆ ತೊಂದರೆ ಇದೆಯೇ ಎಂದು ಇಲಿ, ಗಿನಿಪಿಗ್, ಕೋಳಿಮೊಟ್ಟೆ, ಕೋತಿಗಳನ್ನು ಇಟ್ಟುಕೊಂಡು ದೇಶದೇಶಗಳ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಂಥ ಪ್ರಯೋಗಗಳಲ್ಲಿ ಕೆಲವು ನಮ್ಮ ಮಣಿಪಾಲದಲ್ಲೇ ನಡೆದಿವೆ.

ಹಡಗುಕಟ್ಟೆಯ ಊರಿನಿಂದ ಹೆರಿಗೆ ವಾರ್ಡಿಗೆ

ಮನುಷ್ಯರ ಕಿವಿಗೆ ಕೇಳುವ ಶಬ್ದದ ಮೇಲ್ಮಿತಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನ. ಅದಕ್ಕೂ ಮೇಲಿನದು ಶ್ರವಣಾತೀತ ಶಬ್ದ, ಅಂದರೆ ಅಲ್ಟ್ರಾಸೌಂಡ್. ಬಾವಲಿ ಕತ್ತಲಲ್ಲಿ ದಾರಿ ಹುಡುಕುವುದು ಇದರಿಂದಲೇ. ಗರ್ಭಿಣಿಯ ಹೊಟ್ಟೆಯ ಮೇಲೆ ಲೋಳೆಯಂಥ ದ್ರವ ಸವರಿ ಆಡಿಸುವ ಕೈಗಾತ್ರದ ಉಪಕರಣದಿಂದ ಸೆಕೆಂಡಿಗೆ ಸುಮಾರು 35 ಲಕ್ಷ ಕಂಪನಗಳ, ಅಂದರೆ 3.5 ಮೆಗಾಹರ್ಟ್ಸ್‌ನ ಆಸುಪಾಸಿನ ಶಬ್ದ ಹೊರಡುತ್ತದೆ. ಅದು ಚರ್ಮ, ನೀರು, ಮಾಂಸ, ಮೂಳೆಗಳಿಗೆ ತಗಲಿ ಮರಳುವ ಪ್ರತಿಧ್ವನಿಯನ್ನು ಯಂತ್ರ ಲೆಕ್ಕ ಹಾಕಿ ಪರದೆಯ ಮೇಲೆ ಚಿತ್ರವಾಗಿಸುತ್ತದೆ.

ಈ ವಿದ್ಯೆಯನ್ನು ಪ್ರಸೂತಿ ವಿಭಾಗಕ್ಕೆ ತಂದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್. ಹಡಗು ಕಟ್ಟುವುದಕ್ಕೆ ಹೆಸರಾದ ಊರು ಅದು. ಅಲ್ಲಿಗೆ ಹತ್ತಿರದ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಲೋಹದೊಳಗಿನ ಬಿರುಕು ಪತ್ತೆಗೆ ಅಲ್ಟ್ರಾಸೌಂಡ್ ಬಳಸುತ್ತಿದ್ದರು. 1955ರಲ್ಲಿ ಡೊನಾಲ್ಡ್ ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಅಲ್ಲಿಗೇ ಒಯ್ದು ಪರೀಕ್ಷಿಸಿದರು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಕಬ್ಬಿಣದೊಳಗಿನ ಬಿರುಕನ್ನು ಹುಡುಕುತ್ತಿದ್ದ ಶಬ್ದ ಗರ್ಭದೊಳಗಿನ ಕೂಸನ್ನು ತೋರಿಸತೊಡಗಿತು.

ಆ ಕಾಲಕ್ಕೆ ಇದು ದೊಡ್ಡ ನೆಮ್ಮದಿಯ ಸುದ್ದಿಯೇ ಆಗಿತ್ತು. ಏಕೆಂದರೆ ಅದಕ್ಕೂ ಮುಂಚೆ ಗರ್ಭದ ಚಿತ್ರ ಬೇಕೆಂದರೆ ಎಕ್ಸ್‌ರೇ ತೆಗೆಯುತ್ತಿದ್ದರು. ಇಂಗ್ಲೆಂಡಿನ ಆಲಿಸ್ ಸ್ಟುವರ್ಟ್ ಎಂಬ ವೈದ್ಯೆ 1956ರಲ್ಲಿ, ಆಮೇಲೆ ಇನ್ನಷ್ಟು ವಿವರವಾಗಿ 1958ರಲ್ಲಿ, ಗರ್ಭದಲ್ಲಿದ್ದಾಗ ಎಕ್ಸ್‌ರೇ ತಗಲಿದ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ತೋರಿಸಿದರು. ಅನೇಕ ವೈದ್ಯರು ಬಹಳ ವರ್ಷ ಅದನ್ನು ನಂಬಲಿಲ್ಲ. ಕೊನೆಗೆ ನಂಬಲೇಬೇಕಾಯಿತು. ಗರ್ಭಕ್ಕೆ ಯಾವ ಹೊಸ ಉಪಕರಣ ಬಂದರೂ ‘ಕೂಸಿನ ರಕ್ತಕ್ಕೆ ಏನಾದೀತು?’ ಎಂದು ಕೇಳುವ ಅಭ್ಯಾಸದ ಹಿಂದೆ ಈ ಕಹಿ ಪಾಠವೂ ಇದೆ.

ಎಕ್ಸ್‌ರೇಯಂತೆ ಅಲ್ಟ್ರಾಸೌಂಡ್ ಪರಮಾಣುಗಳನ್ನು ಒಡೆದು ಅಯಾನುಗಳಾಗಿಸುವುದಿಲ್ಲ. ಅದರ ಗುಣವೇ ಬೇರೆ. ಅದು ಅಂಗಾಂಶವನ್ನು ಅಲುಗಿಸುತ್ತದೆ, ತುಸು ಬೆಚ್ಚಗಾಗಿಸುತ್ತದೆ. ಮಂಡಿನೋವಿಗೆಂದು ಫಿಸಿಯೋಥೆರಪಿಗೆ ಹೋದ ಅಜ್ಜಿಯರನ್ನು ಕೇಳಿ. ಅಲ್ಲಿ ಮಂಡಿಯ ಮೇಲೆ ಆಡಿಸುವುದೂ ಅಲ್ಟ್ರಾಸೌಂಡೇ. ಅಲ್ಲಿ ಒಳಗಿನ ಕೀಲನ್ನು ಬಿಸಿಮಾಡಲೆಂದೇ ಅದನ್ನು ಬಳಸುವುದುಂಟು. ಸ್ಕ್ಯಾನಿಂಗ್‌ನಲ್ಲಿ ಬೇಕಾದದ್ದು ಚಿತ್ರ, ಬಿಸಿ ಬೇಡದ ಅತಿಥಿ.

ರಕ್ತದ ಮಾತೇಕೆ?

ಬಿಸಿ ತಗಲಿದರೆ ಚರ್ಮಕ್ಕೋ ಮಿದುಳಿಗೋ ತಗಲೀತು, ರಕ್ತಕ್ಕೇನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ರಕ್ತ ಎಲ್ಲಿ ತಯಾರಾಗುತ್ತದೆ ಎಂಬುದನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ನಮ್ಮ ನಿಮ್ಮ ರಕ್ತಕಣಗಳು ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಭ್ರೂಣದಲ್ಲಿ ಹಾಗಲ್ಲ. ಮೊದಲಿಗೆ, ಮೂರನೇ ವಾರದ ಹೊತ್ತಿಗೆ, ಅಂಡಚೀಲವೆಂಬ ಪುಟ್ಟ ಚೀಲದಲ್ಲಿ ಈ ಕೆಲಸ ಶುರುವಾಗುತ್ತದೆ. ಆಮೇಲೆ ಅದು ಯಕೃತ್ತಿಗೆ, ಅಂದರೆ ಲಿವರ್‌ಗೆ ವರ್ಗವಾಗುತ್ತದೆ. ಐದನೇ ತಿಂಗಳಿನಿಂದೀಚೆಗೆ ನಿಧಾನವಾಗಿ ಮಜ್ಜೆ ಆ ಹೊಣೆ ಹೊರುತ್ತದೆ.

ಇಲ್ಲಿ ಎರಡು ಸಂಗತಿ ಕೂಡಿಕೊಳ್ಳುತ್ತವೆ. ಅಲ್ಟ್ರಾಸೌಂಡನ್ನು ಅತಿ ಹೆಚ್ಚು ಹೀರಿ ಬಿಸಿಯಾಗುವುದು ಮೂಳೆ. ಕೂಸು ಬೆಳೆದು ಮೂಳೆ ಗಟ್ಟಿಯಾದಂತೆ ಈ ಹೀರುವಿಕೆಯೂ ಹೆಚ್ಚುತ್ತದೆ. ಆ ಮೂಳೆಯ ಒಳಗೇ ಮಜ್ಜೆ ಕೂತಿದೆ. ಜೊತೆಗೆ, ರಕ್ತಕಣಗಳ ಮೂಲಕೋಶಗಳು ಒಂದೇ ಸಮನೆ ಇಬ್ಭಾಗವಾಗುತ್ತಿರುತ್ತವೆ. ಹೀಗೆ ಬಿರುಸಾಗಿ ಇಬ್ಭಾಗವಾಗುವ ಕೋಶಗಳೇ ಬಿಸಿಗೆ ಬೇಗ ಬಳಲುವುದು. ಆದ್ದರಿಂದ ಮರಿಗಳ ರಕ್ತವನ್ನು ಎಣಿಸಿ ನೋಡಬೇಕೆಂದು ವಿಜ್ಞಾನಿಗಳಿಗೆ ಅನ್ನಿಸಿದ್ದು ಸಹಜ.

ಗಿನಿಪಿಗ್, ಕೋತಿ, ಮಣಿಪಾಲದ ಇಲಿ

ಗರ್ಭದ ಕಾವಿನ ಕಥೆ ಅಲ್ಟ್ರಾಸೌಂಡ್‌ನಿಂದಲ್ಲ, ಬಿಸಿಲಿನಿಂದ ಶುರುವಾಯಿತು. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಎಡ್ವರ್ಡ್ಸ್ ಎಂಬ ಪಶುವೈದ್ಯ ವಿಜ್ಞಾನಿ ಇದ್ದರು. ಕಡುಬೇಸಿಗೆಯಲ್ಲಿ ಗಬ್ಬವಾಗಿದ್ದ ಗಿನಿಪಿಗ್‌ಗಳಿಗೆ ಊನವಿದ್ದ ಮರಿಗಳು ಹುಟ್ಟಿದ್ದು ಅವರ ಕಣ್ಣಿಗೆ ಬಿತ್ತು. ಅಲ್ಲಿಂದ ಅವರು ದಶಕಗಳ ಕಾಲ ಅದೇ ವಿಷಯದ ಬೆನ್ನು ಹತ್ತಿದರು. ತಾಯಿಯ ಮೈಬಿಸಿ ಕೆಲವು ಡಿಗ್ರಿ ಏರಿದರೂ ಸಾಕು, ಅದು ತಪ್ಪು ಹೊತ್ತಿನಲ್ಲಿ ಏರಿ ಸಾಕಷ್ಟು ಕಾಲ ನಿಂತರೆ ಮರಿಯ ಮಿದುಳು ಚಿಕ್ಕದಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಆಮೇಲೆ ಸಿಡ್ನಿಯ ಇದೇ ಬಳಗ ಅಲ್ಟ್ರಾಸೌಂಡ್ ಕಡೆಗೂ ತಿರುಗಿತು. ಗಿನಿಪಿಗ್ ತೊಡೆಮೂಳೆಗೆ ಅಲ್ಟ್ರಾಸೌಂಡ್ ಹಾಯಿಸಿದಾಗ ಮಜ್ಜೆ ಬಿಸಿಯಾಗಿ ಅದರ ಕೋಶಗಳ ಕೇಂದ್ರದಲ್ಲಿ ವಿಕೃತಿ ಕಂಡಿತು. ದಿನ ತುಂಬುತ್ತಿದ್ದ ಗಿನಿಪಿಗ್ ಮರಿಯ ತಲೆಗೆ ಅಲ್ಟ್ರಾಸೌಂಡ್ ಕಿರಣವನ್ನು ಎರಡು ನಿಮಿಷ ಕದಲಿಸದೆ ಹಿಡಿದಾಗ ತಲೆಬುರುಡೆಗೆ ಅಂಟಿದಂತಿದ್ದ ಭಾಗದಲ್ಲಿ ಬಿಸಿ 5 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ ಏರಿತು. ಮಿದುಳಿನ ನಡುಭಾಗದಲ್ಲಿ ಏರಿದ್ದು ಒಂದು ಡಿಗ್ರಿಯ ಸುಮಾರಿಗೆ ಮಾತ್ರ. ಮೂಳೆಯ ಪಕ್ಕದ ಬಿಸಿಯೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮರಿಗಳ ರಕ್ತವನ್ನು ನೇರವಾಗಿ ಎಣಿಸಿದ ಹೆಸರಾಂತ ಪ್ರಯೋಗ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ. ಆಲಿಸ್ ಟಾರಂಟಲ್ ಮತ್ತು ಆಂಡ್ರ್ಯೂ ಹೆಂಡ್ರಿಕ್ಸ್ ಉದ್ದಬಾಲದ ಮಕಾಕ್ ಕೋತಿಗಳನ್ನು ಆರಿಸಿಕೊಂಡರು. ನಮ್ಮ ಗುಡಿಗಳ ಮುಂದೆ ಕಾಣುವ ಕೋತಿಯ ನೆಂಟರು ಇವು. ಗರ್ಭದ ಮೊದಲ ವಾರಗಳಲ್ಲಿ ಹೆಚ್ಚುಕಡಿಮೆ ದಿನವೂ, ಆಮೇಲೆ ವಾರಕ್ಕೆ ಕೆಲವು ಸಲ, ಕೊನೆಗೆ ವಾರಕ್ಕೊಮ್ಮೆ ಅವಕ್ಕೆ ಸ್ಕ್ಯಾನ್ ಮಾಡಿದರು. ಹೋಲಿಕೆಗೆಂದು ಇನ್ನೊಂದು ಗುಂಪಿನ ಕೋತಿಗಳನ್ನು ಅದೇ ರೀತಿ ಮಲಗಿಸಿದರೂ ಯಂತ್ರ ಚಾಲೂ ಮಾಡಲಿಲ್ಲ. 1989 ಮತ್ತು 1993ರಲ್ಲಿ ಬಂದ ವರದಿಗಳ ಸಾರ ಇಷ್ಟು: ಸ್ಕ್ಯಾನ್ ಆದ ಮರಿಗಳು ಹುಟ್ಟಿದಾಗ ತುಸು ಹಗುರವಾಗಿದ್ದವು. ಹುಟ್ಟಿದ ಮೊದಲ ದಿನಗಳಲ್ಲಿ ಅವುಗಳ ಬಿಳಿ ರಕ್ತಕಣಗಳ ಪೈಕಿ ಸೋಂಕಿನ ಮೇಲೆ ಎರಗುವ ನ್ಯೂಟ್ರೋಫಿಲ್ ಮತ್ತು ಮಾನೋಸೈಟ್ ಎಂಬ ಕಣಗಳು ಕಡಿಮೆ ಇದ್ದವು. ದಿನ ಕಳೆದಂತೆ ಈ ಕೊರತೆ ತುಂಬಿಕೊಂಡಿತು, ತೂಕವೂ ಸರಿಹೋಯಿತು.

ಅದೇ ತಂಡ ಗರ್ಭದೊಳಗೆ ಬಿಸಿ ಎಷ್ಟು ಏರುತ್ತದೆಂದೂ ಅಳೆದು 1993ರಲ್ಲಿ ಪ್ರಕಟಿಸಿತು. ಬರೀ ಚಿತ್ರ ತೆಗೆಯುವ ಕ್ರಮದಲ್ಲಿ ಏರಿದ್ದು ಅತ್ಯಲ್ಪ. ಅಷ್ಟು ಅಲ್ಪ ಬಿಸಿಯಿಂದಲೇ ರಕ್ತಕಣ ಇಳಿದವೆಂದು ಹೇಳಲು ಇದು ಸಾಲದು. ಆದರೂ ಇಷ್ಟು ಸಲ, ಇಷ್ಟು ಹೊತ್ತು ಸ್ಕ್ಯಾನ್ ಮಾಡಿದರೆ ಮರಿಯ ಮೈಗೆ ಅದು ‘ತಿಳಿಯುತ್ತದೆ’ ಎಂಬುದಂತೂ ಸ್ಪಷ್ಟವಾಯಿತು.

ಈಗ ಮಣಿಪಾಲಕ್ಕೆ ಬನ್ನಿ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗದಲ್ಲಿ ಪಿ. ಉಮಾದೇವಿ, ಎಂ. ಪ್ರಕಾಶ್ ಹಂದೆ, ಆರ್. ಸುರೇಶ್ ಮತ್ತಿತರರು 1990ರ ದಶಕದಲ್ಲಿ ಬಿಳಿ ಇಲಿಗಳ ಮೇಲೆ ಇಂಥ ಹಲವು ಪ್ರಯೋಗ ನಡೆಸಿದರು. 1995ರಲ್ಲಿ ಬಂದ ಒಂದು ಪ್ರಬಂಧವನ್ನೇ ನೋಡಿ. ಹದಿನಾಲ್ಕೂವರೆ ದಿನದ ಗರ್ಭಿಣಿ ಇಲಿಗಳಿಗೆ ಆಸ್ಪತ್ರೆಯಲ್ಲಿ ಬಳಸುವಂಥ 3.5 ಮೆಗಾಹರ್ಟ್ಸ್ ಅಲ್ಟ್ರಾಸೌಂಡನ್ನು 10, 20 ಅಥವಾ 30 ನಿಮಿಷ ಹಾಯಿಸಿದರು. ಹುಟ್ಟಿದ ಮರಿಗಳು ಬದುಕಿದವು, ಬೆಳೆದವು, ಮೇಲುನೋಟಕ್ಕೆ ಎಲ್ಲ ಸರಿಯಾಗಿತ್ತು. ಆದರೆ ದೊಡ್ಡವಾದ ಮೇಲೆ ಅವು ಹೊಸ ಜಾಗದಲ್ಲಿ ಓಡಾಡಿ ಹುಡುಕುವುದು ಕಡಿಮೆಯಾಗಿತ್ತು. ಪಾಠ ಕಲಿಯಲು ಹೆಚ್ಚು ಸಲ ಪ್ರಯತ್ನಿಸಬೇಕಾಯಿತು. ಮಣಿಪಾಲದವರು ಈ ಪ್ರಬಂಧದಲ್ಲಿ ನೋಡಿದ್ದು ನಡವಳಿಕೆಯನ್ನು, ಡೇವಿಸ್‌ನವರು ಎಣಿಸಿದ್ದು ರಕ್ತವನ್ನು. ಎರಡರ ಹಿಂದಿನ ಪ್ರಶ್ನೆ ಒಂದೇ.

ಇದನ್ನು ಓದಿ ಗರ್ಭಿಣಿಯರು ಹೆದರಬೇಕಾಗಿಲ್ಲ. ಹದಿನಾಲ್ಕು ದಿನದ ಇಲಿಮರಿ ಹುಣಿಸೆ ಬೀಜಕ್ಕಿಂತ ದೊಡ್ಡದಿರುವುದಿಲ್ಲ. ಅಲ್ಟ್ರಾಸೌಂಡ್ ಕಿರಣ ಬಿದ್ದರೆ ಇಡೀ ಮರಿಯ ಮೇಲೆ ಬೀಳುತ್ತದೆ, ಅದೂ ಅರ್ಧ ತಾಸು ಒಂದೇ ಜಾಗದಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಉಪಕರಣ ಒಂದೆಡೆ ನಿಲ್ಲುವುದಿಲ್ಲ, ತಲೆಯಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಸರಿಯುತ್ತಲೇ ಇರುತ್ತದೆ. ತಾಯಿಯ ಹೊಟ್ಟೆಯ ಮಾಂಸ, ಗರ್ಭದ ನೀರು ದಾಟಿ ಕೂಸನ್ನು ಮುಟ್ಟುವ ಹೊತ್ತಿಗೆ ಶಬ್ದದ ಬಲವೂ ಕುಗ್ಗಿರುತ್ತದೆ. ಇಲಿಯ ಲೆಕ್ಕವನ್ನು ಹಾಗೆಯೇ ಎತ್ತಿ ಮನುಷ್ಯರ ಮೇಲೆ ಇಡಲಾಗದು. ಇಲಿ ಕೊಡುವುದು ಎಚ್ಚರಿಕೆಯನ್ನು, ತೀರ್ಪನ್ನಲ್ಲ.

ಕರ್ಪೂರದ ಮೇಲೆ ಅಂಗೈ

ಮಂಗಳಾರತಿ ತಟ್ಟೆ ಮುಂದೆ ಬಂದಾಗ ಕರ್ಪೂರದ ಉರಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಕೈ ಸುಡುವುದಿಲ್ಲ. ಅದೇ ಉರಿಯ ಮೇಲೆ ಅಂಗೈಯನ್ನು ನಾಲ್ಕು ಸೆಕೆಂಡು ಹಿಡಿದು ನೋಡಿ! ಬೆಂಕಿ ಎಷ್ಟು ಬಿಸಿ ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಸೇರಿದಾಗಲೇ ಸುಡುವ ಲೆಕ್ಕ ಪೂರ್ತಿಯಾಗುವುದು. ಸ್ಕ್ಯಾನಿಂಗ್‌ನ ಇಡೀ ಸುರಕ್ಷತಾ ನಿಯಮ ಈ ಮಂಗಳಾರತಿ ಲೆಕ್ಕದ ಮೇಲೇ ನಿಂತಿದೆ.

ವೈದ್ಯಕೀಯ ಅಲ್ಟ್ರಾಸೌಂಡ್‌ನ ಜಾಗತಿಕ ಒಕ್ಕೂಟ 1998ರಲ್ಲಿ ಹೀಗೆ ಹೇಳಿತು: ಕೂಸಿನ ಮೈಬಿಸಿಯನ್ನು ಒಂದೂವರೆ ಡಿಗ್ರಿಗಿಂತ ಹೆಚ್ಚು ಏರಿಸದ ಸ್ಕ್ಯಾನಿಂಗ್ ಬಗ್ಗೆ ಬಿಸಿಯ ಕಾರಣಕ್ಕೆ ಹಿಂಜರಿಯಬೇಕಿಲ್ಲ. ನಾಲ್ಕು ಡಿಗ್ರಿ ಏರಿಸಿ ಐದು ನಿಮಿಷ ಅಥವಾ ಹೆಚ್ಚು ಹೊತ್ತು ಹಾಗೇ ಇಟ್ಟರೆ ಅದನ್ನು ಅಪಾಯಕಾರಿ ಎಂದೇ ಭಾವಿಸಬೇಕು.

ಹೊಟ್ಟೆಯೊಳಗಿನ ಬಿಸಿಯನ್ನು ವೈದ್ಯರು ನೋಡುವುದು ಹೇಗೆ? ಅದಕ್ಕೊಂದು ಅಂದಾಜು ಸೂಚಿ ಇದೆ. ಸ್ಕ್ಯಾನಿಂಗ್ ಪರದೆಯ ಅಂಚಿನಲ್ಲಿ ‘ಟಿಐ’ ಎಂಬ ಎರಡಕ್ಷರದ ಪಕ್ಕ 0.2, 0.6 ಎಂಬಂಥ ಅಂಕಿ ಇರುತ್ತದೆ. ಇದೇ ಉಷ್ಣ ಸೂಚ್ಯಂಕ. ಅಂಕಿ 1 ಇದ್ದರೆ ಒಳಗೆ ಬಿಸಿ ಸುಮಾರು ಒಂದು ಡಿಗ್ರಿ ಏರಬಹುದೆಂದು ಸ್ಥೂಲವಾಗಿ ತಿಳಿಯಬೇಕು. ಬ್ರಿಟನ್ನಿನ ವೈದ್ಯಕೀಯ ಅಲ್ಟ್ರಾಸೌಂಡ್ ಸಂಘದ ಮಾರ್ಗಸೂಚಿಯಂತೆ ಗರ್ಭದ ಸ್ಕ್ಯಾನಿಂಗ್‌ನಲ್ಲಿ ಈ ಅಂಕಿ 0.7ರಿಂದ 1ರ ಒಳಗಿದ್ದರೆ ಒಂದು ತಾಸಿನ ಮಿತಿ ಇದೆ. 1.5 ದಾಟಿದರೆ 15 ನಿಮಿಷ, 2 ದಾಟಿದರೆ 4 ನಿಮಿಷ, 2.5 ದಾಟಿದರೆ ಒಂದೇ ನಿಮಿಷ. ಅಂಕಿ ತುಸು ಏರಿದರೂ ಹೊತ್ತು ಎಷ್ಟು ಸರ್ರನೆ ಇಳಿಯುತ್ತದೆ ನೋಡಿ.

ಎಲ್ಲ ಬಗೆಯ ಸ್ಕ್ಯಾನಿಂಗ್‌ನಲ್ಲೂ ಕಾವು ಒಂದೇ ಸಮ ಇರುವುದಿಲ್ಲ. ಸಾಮಾನ್ಯ ಚಿತ್ರದ ಸ್ಕ್ಯಾನಿಂಗ್‌ನಲ್ಲಿ ಯಂತ್ರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಹೊತ್ತು ಮಾತ್ರ ಕೂಗಿ, ಮಿಕ್ಕ ಹೊತ್ತೆಲ್ಲ ಪ್ರತಿಧ್ವನಿಗೆ ಕಿವಿಗೊಟ್ಟು ಕೂತಿರುತ್ತದೆ. ಕೂಗುವುದಕ್ಕಿಂತ ಕೇಳಿಸಿಕೊಳ್ಳುವುದೇ ಅದರ ದೊಡ್ಡ ಕೆಲಸ. ಆದ್ದರಿಂದ ಬಿಸಿ ಕಡಿಮೆ. ರಕ್ತದ ಓಟ ನೋಡುವ ಡಾಪ್ಲರ್ ಕ್ರಮದಲ್ಲಿ ಕೂಗು ಉದ್ದ, ಪದೇಪದೇ, ಒಂದೇ ಜಾಗಕ್ಕೆ ಗುರಿ. ಅಲ್ಲಿ ಕಾವು ಹೆಚ್ಚು. ಆಸ್ಟ್ರೇಲಿಯದಲ್ಲಿ ಕೋಳಿಮೊಟ್ಟೆಯೊಳಗಿನ ಮರಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತು. ಚಿತ್ರದ ಸ್ಕ್ಯಾನಿಂಗ್‌ನಿಂದ ಮರಿಗಳ ನೆನಪಿಗೆ ಕುಂದು ಬರಲಿಲ್ಲ, ನಾಲ್ಕೈದು ನಿಮಿಷ ಡಾಪ್ಲರ್ ಹಾಯಿಸಿದಾಗ ಕುಂದು ಬಂತು. ಮೊದಲ ಮೂರು ತಿಂಗಳಲ್ಲಿ ಬಲವಾದ ಕಾರಣವಿಲ್ಲದೆ ಡಾಪ್ಲರ್ ಬಳಸಬಾರದೆಂದು ವೈದ್ಯರಿಗೆ ಕಲಿಸುವುದು ಇದಕ್ಕೇ.

ಮನುಷ್ಯರ ಮಕ್ಕಳ ಸಂಗತಿ ಏನು? ಆಸ್ಟ್ರೇಲಿಯದ ಪರ್ತ್‌ನಲ್ಲಿ 2,834 ಗರ್ಭಿಣಿಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಐದು ಸಲ, ಇನ್ನೊಂದಕ್ಕೆ ಸಾಮಾನ್ಯವಾಗಿ ಒಂದು ಸಲ ಸ್ಕ್ಯಾನ್ ಮಾಡಿದರು. 1993ರ ವರದಿಯಲ್ಲಿ ಐದು ಸಲದ ಗುಂಪಿನಲ್ಲಿ ತೂಕ ಕಡಿಮೆಯಿದ್ದ ಮಕ್ಕಳು ತುಸು ಹೆಚ್ಚಿದ್ದುದು ಕಂಡು ಎಲ್ಲರೂ ಹುಬ್ಬೇರಿಸಿದರು. ಆದರೆ ಆ ಮಕ್ಕಳನ್ನು ಎಂಟು ವರ್ಷದವರೆಗೂ ಹಿಂಬಾಲಿಸಿ 2004ರಲ್ಲಿ ಕೊಟ್ಟ ವರದಿಯಲ್ಲಿ ಬೆಳವಣಿಗೆ, ಮಾತು, ನಡವಳಿಕೆ ಯಾವುದರಲ್ಲೂ ವ್ಯತ್ಯಾಸ ಉಳಿದಿರಲಿಲ್ಲ. ರಕ್ತದ ಬಗ್ಗೆ ಸ್ವೀಡನ್ನಿನವರು ನೋಡಿದರು. ರಕ್ತದ ಕ್ಯಾನ್ಸರ್ ಬಂದ 578 ಮಕ್ಕಳನ್ನು ಅಷ್ಟೇ ಸಂಖ್ಯೆಯ ಆರೋಗ್ಯವಂತ ಮಕ್ಕಳ ಜೊತೆ ಹೋಲಿಸಿ, ಗರ್ಭದ ಸ್ಕ್ಯಾನಿಂಗ್‌ಗೂ ಈ ಕಾಯಿಲೆಗೂ ನಂಟಿಲ್ಲವೆಂದು 2000ದಲ್ಲಿ ಪ್ರಕಟಿಸಿದರು. ಎಕ್ಸ್‌ರೇಯ ಕಹಿ ಕಥೆ ಇಲ್ಲಿ ಮರುಕಳಿಸಲಿಲ್ಲ.

ಒಂದು ಮಾತು ಮಾತ್ರ ಮರೆಯಬಾರದು. ಆ ಸ್ವೀಡನ್ನಿನ ಮಕ್ಕಳು ಹುಟ್ಟಿದ್ದು 1973ರಿಂದ 1989ರ ನಡುವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1992ರ ಸುಮಾರಿಗೆ ಗರ್ಭದ ಸ್ಕ್ಯಾನಿಂಗ್ ಯಂತ್ರಗಳ ಬಲದ ಮಿತಿಯನ್ನು ಚದರ ಸೆಂಟಿಮೀಟರಿಗೆ 94 ಮಿಲಿವಾಟ್‌ನಿಂದ 720ಕ್ಕೆ ಏರಿಸಿತು. ಬದಲಿಗೆ ಉಷ್ಣ ಸೂಚ್ಯಂಕವನ್ನು ಪರದೆಯ ಮೇಲೆ ತೋರಿಸುವ ಪದ್ಧತಿ ಬಂತು. ಅಂದರೆ, ಬಿಸಿಯ ಹೊಣೆ ಯಂತ್ರದ ಕೈಯಿಂದ ವೈದ್ಯರ ಕೈಗೆ ದಾಟಿತು. ಆದ್ದರಿಂದಲೇ ಕಲಿತವರು, ಬೇಕಾದಾಗ, ಬೇಕಾದಷ್ಟೇ ಹೊತ್ತು ಮಾಡಬೇಕೆಂಬ ನಿಯಮಕ್ಕೆ ಇಷ್ಟು ಬೆಲೆ. ನೆನಪಿಗೊಂದು ಚಿತ್ರ ಇರಲೆಂದು, ಕೂಸಿನ ಮುಖ ನೋಡುವ ಆಸೆಗೆಂದು ಸ್ಕ್ಯಾನಿಂಗ್ ಮಾಡಿಸುವುದು ಈ ನಿಯಮಕ್ಕೆ ಹೊರಗಿನದು.

ಹಟ್ಟಿಯ ಕಾವು

ಈಗ ಸ್ಕ್ಯಾನಿಂಗ್ ಕೋಣೆಯಿಂದ ದನದ ಕೊಟ್ಟಿಗೆಗೆ ಬರೋಣ. ದೊಡ್ಡಬೆಳವಂಗಲ ಹೋಬಳಿಯಲ್ಲಿ ರಾಗಿಯಷ್ಟೇ ಹಾಲೂ ಮನೆ ನಡೆಸುತ್ತದೆ. ಹಸು ಗಬ್ಬವಾಗಿದೆಯೇ ಎಂದು ಕೈ ಹಾಕಿ ನೋಡುವುದು ಹಳೆಯ ಪದ್ಧತಿ. ಅಲ್ಟ್ರಾಸೌಂಡ್ ಇದ್ದರೆ ಒಂದು ತಿಂಗಳಿಗೇ ತಿಳಿಯುತ್ತದೆ. ಆ ಪರೀಕ್ಷೆಗೆ ಹಿಡಿಯುವುದು ಒಂದೆರಡು ನಿಮಿಷ. ಅದರಿಂದ ಕರುವಿಗೆ ತಗಲುವ ಕಾವಿನ ಚಿಂತೆ ಬೇಡ. ಚಿಂತಿಸಬೇಕಾದ ಕಾವು ಕೊಟ್ಟಿಗೆಯ ಮೇಲೇ ಇದೆ: ಏಪ್ರಿಲ್–ಮೇ ತಿಂಗಳಿನಲ್ಲಿ ಕಾದು ಕೆಂಡವಾಗುವ ತಗಡಿನ ಸೂರು.

ಅಮೆರಿಕದ ಫ್ಲಾರಿಡ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಡಾಲ್ ಮತ್ತು ಸಂಗಡಿಗರು ಗಬ್ಬದ ಕೊನೆಯ ಆರೇಳು ವಾರಗಳ ಹಸುಗಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ನೆರಳಿತ್ತು. ಒಂದು ಗುಂಪಿಗೆ ಜೊತೆಗೆ ಫ್ಯಾನು, ನೀರಿನ ಸಿಂಪರಣೆ ಇಟ್ಟರು. 2012ರ ವರದಿಯಂತೆ, ಸೆಕೆಯಲ್ಲೇ ಉಳಿದ ತಾಯಂದಿರ ಕರುಗಳು ಹುಟ್ಟುವಾಗ ಸುಮಾರು 6 ಕಿಲೋ ಹಗುರವಾಗಿದ್ದವು. ಅವುಗಳ ರಕ್ತದಲ್ಲಿ ರೋಗನಿರೋಧಕ ಪ್ರೋಟೀನು ಕಡಿಮೆ ಇತ್ತು. ಬಿಳಿ ರಕ್ತಕಣಗಳಲ್ಲಿ ರೋಗಾಣುವನ್ನು ಗುರುತಿಟ್ಟುಕೊಳ್ಳುವ ಲಿಂಫೋಸೈಟ್‌ಗಳು ಪ್ರಚೋದಿಸಿದಾಗ ವೃದ್ಧಿಯಾಗುವ ಚುರುಕೂ ತಗ್ಗಿತ್ತು. ಎಳೆಯ ಪ್ರಾಣಿಯ ರಕ್ತದ ಮೇಲೆ ಗರ್ಭದ ಕಾವು ಬಿಡುವ ಗುರುತಿಗೆ ಇಷ್ಟು ಖಚಿತವಾದ ಉದಾಹರಣೆ ಅಪರೂಪ. ಇಲ್ಲಿ ಅಲ್ಟ್ರಾಸೌಂಡ್ ಇಲ್ಲವೇ ಇಲ್ಲ, ಬರೀ ಬೇಸಿಗೆ.

ಇದು ನಮ್ಮ ರೈತರಿಗೆ ಏಕೆ ಮುಖ್ಯ? ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕ ಅಂಶ ಕರುವಿಗೆ ದಾಟುವುದಿಲ್ಲ. ಅದು ದಾಟುವುದು ಗಿಣ್ಣು ಹಾಲಿನ ಮೂಲಕ, ಅದೂ ಹುಟ್ಟಿದ ಮೊದಲ ಒಂದು ದಿನದೊಳಗೆ. ಆಮೇಲೆ ಕರುಳು ಆ ಬಾಗಿಲು ಮುಚ್ಚಿಬಿಡುತ್ತದೆ. ಸೆಕೆಯಲ್ಲಿ ಬೆಂದ ತಾಯಿಯ ಕರು ಗಿಣ್ಣು ಕುಡಿದರೂ ಆ ಅಂಶವನ್ನು ಹೀರಿಕೊಳ್ಳುವುದು ಕಡಿಮೆ. ಅಂಥ ಕರುವಿಗೆ ಗಿಣ್ಣು ಸಾಕಷ್ಟು ಕುಡಿಸದೆ ಮನೆಗೆ ಒಯ್ದರೆ ಅದು ಹೇಗೆ ಉಳಿದೀತು? ಮೊದಲೆರಡು ಗಂಟೆಯ ಗಿಣ್ಣು ಕರುವಿನ ಪಾಲು. ಹುಟ್ಟಿದ ದಿನವೇ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಅದರ ಹೊಟ್ಟೆ ಸೇರಬೇಕು. ಮನೆಯವರ ಸಿಹಿ ಆಮೇಲೆ.

ಜ್ವರವೆಂಬ ಸ್ಕ್ಯಾನಿಂಗ್

ಕೊಟ್ಟಿಗೆಯ ಪಾಠ ಮನೆಯೊಳಗೂ ಅನ್ವಯಿಸುತ್ತದೆ. ಗರ್ಭದ ಕೂಸಿನ ಮೈಬಿಸಿ ತಾಯಿಗಿಂತ ಯಾವಾಗಲೂ ಅರ್ಧ ಡಿಗ್ರಿಯಷ್ಟು ಹೆಚ್ಚೇ ಇರುತ್ತದೆ. ತಾಯಿಗೆ 104 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂತೆನ್ನಿ. ಅದು 40 ಡಿಗ್ರಿ ಸೆಲ್ಸಿಯಸ್. ಅಂದರೆ ತಾಯಿಯ ಜೊತೆಗೆ ಕೂಸಿನ ಬಿಸಿಯೂ ಸುಮಾರು 3 ಡಿಗ್ರಿ ಏರಿತು. ಅದೂ ನಿಮಿಷಗಳ ಲೆಕ್ಕದಲ್ಲಲ್ಲ, ಇಡೀ ರಾತ್ರಿ. ಹತ್ತು ನಿಮಿಷದ ಸಾಮಾನ್ಯ ಸ್ಕ್ಯಾನಿಂಗ್ ಇದರ ಮುಂದೆ ಲೆಕ್ಕಕ್ಕಿಲ್ಲ. ಸ್ಕ್ಯಾನಿಂಗ್‌ಗೆ ಹೆದರುವ ಅತ್ತೆಯರು ಸೊಸೆಯ ಜ್ವರಕ್ಕೆ ಅದಕ್ಕಿಂತ ಹೆಚ್ಚು ಹೆದರಬೇಕು. ‘ಬಸುರಿ ಮಾತ್ರೆ ನುಂಗಬಾರದು’ ಎಂದು ಜ್ವರವನ್ನು ಮೈಯಲ್ಲೇ ಇಟ್ಟುಕೊಂಡು ಕೂರುವುದು ಸಲ್ಲದು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಸ್ಕ್ಯಾನಿಂಗ್ ಬೇಡವೆಂದು ಕೂತರೆ ಆಗುವ ನಷ್ಟವೂ ಸಣ್ಣದಲ್ಲ. ಅವಳಿ ಕೂಸು, ಅಡ್ಡ ಮಲಗಿದ ಕೂಸು, ಗರ್ಭಕೋಶದ ಬಾಯಿಗೆ ಅಡ್ಡ ಬಂದ ಮಾಸು ಇವೆಲ್ಲ ಮೊದಲೇ ತಿಳಿದರೆ ಹೆರಿಗೆಗೆ ದೊಡ್ಡ ಆಸ್ಪತ್ರೆಗೆ ಸಕಾಲಕ್ಕೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರತಿ ಗರ್ಭಿಣಿಗೂ 24 ವಾರದೊಳಗೆ ಒಂದು ಸ್ಕ್ಯಾನಿಂಗ್ ಆಗಲಿ ಎಂದು ಶಿಫಾರಸು ಮಾಡಿದೆ. ಅದಕ್ಕಿಂತ ಹೆಚ್ಚು ಬೇಕೇ ಎಂಬುದು ಆಯಾ ಗರ್ಭಿಣಿಯ ಸ್ಥಿತಿಗೆ ಬಿಟ್ಟದ್ದು. ವೈದ್ಯರು ಬರೆದುಕೊಟ್ಟರೆ ‘ಯಾತಕ್ಕೆ?’ ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರ ಸಿಕ್ಕ ಮೇಲೆ ಮಾಡಿಸಿಕೊಳ್ಳಿ. ಕೇಳಬಾರದ ಪ್ರಶ್ನೆ ಒಂದೇ, ಗಂಡೋ ಹೆಣ್ಣೋ ಎಂಬುದು. 1994ರಲ್ಲಿ ಸಂಸತ್ತು ಒಪ್ಪಿ 1996ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಅದನ್ನು ಹೇಳುವುದೂ ಅಪರಾಧ, ಹೇಳಿಸಿಕೊಳ್ಳಲು ಹೋಗುವುದೂ ಅಪರಾಧ. ಸ್ಕ್ಯಾನಿಂಗ್ ಯಂತ್ರದಿಂದ ಈ ನಾಡಿನ ಕೂಸುಗಳಿಗೆ ಆದ ದೊಡ್ಡ ಹಾನಿ ಅದರ ಕಾವಿನಿಂದ ಆದದ್ದಲ್ಲ, ಆ ಪ್ರಶ್ನೆಯಿಂದ ಆದದ್ದು.

ಇನ್ನು ಮಕ್ಕಳ ರಕ್ತದ ಮಾತು. ಇಲಿ ಕೋತಿಗಳ ರಕ್ತವನ್ನು ಎಣಿಸಿದಂತೆ ನಮ್ಮ ಮಕ್ಕಳ ರಕ್ತವನ್ನೂ ಎಣಿಸಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೂ ನೂರು ಗರ್ಭಿಣಿಯರಲ್ಲಿ ಸುಮಾರು 46 ಮಂದಿಗೂ ರಕ್ತಹೀನತೆ ಇದೆ. ಕೂಸು ಹುಟ್ಟುವಾಗ ತರುವ ಕಬ್ಬಿಣಾಂಶದ ಗಂಟು ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಪಡೆದದ್ದು. ತಾಯಿಯಲ್ಲೇ ಇಲ್ಲದಿದ್ದರೆ ಕೂಸಿಗೆ ಎಲ್ಲಿಂದ ಬರಬೇಕು? ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಗೆ ಕೊಡುವ ಕಬ್ಬಿಣದ ಮಾತ್ರೆಯನ್ನು 180 ದಿನ ತಪ್ಪದೆ ನುಂಗಬೇಕು. ಕಾಫಿ ಟೀ ಜೊತೆ ನುಂಗಿದರೆ ಅದರ ಬಹುಪಾಲು ವ್ಯರ್ಥ. ನಿಂಬೆರಸದ ಜೊತೆ ಆದರೆ ಮೈಗೆ ಹತ್ತುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುವ ವಿದ್ಯಾರ್ಥಿನಿಯರೂ ಇದನ್ನು ಗಮನಿಸಬೇಕು. ನಾಳೆಯ ತಾಯಂದಿರು ನೀವೇ.

ವಿಜ್ಞಾನ ಮೇಳಕ್ಕೆ ಏನು ಮಾಡಲಿ ಎಂದು ತಲೆ ಕೆರೆದುಕೊಳ್ಳುವ ಹೈಸ್ಕೂಲು ಮಕ್ಕಳಿಗೆ ಒಂದು ಸಲಹೆ. ಎರಡು ಥರ್ಮಾಮೀಟರು ತನ್ನಿ. ತಗಡಿನ ಸೂರಿನ ಕೊಟ್ಟಿಗೆಯಲ್ಲಿ ಒಂದು, ತೆಂಗಿನ ಗರಿ ಹೊದಿಸಿದ ಕೊಟ್ಟಿಗೆಯಲ್ಲಿ ಒಂದು, ಹಸುವಿನ ಬೆನ್ನಿನ ಎತ್ತರಕ್ಕೆ ನೇತು ಹಾಕಿ. ಹದಿನೈದು ದಿನ ಮಧ್ಯಾಹ್ನ ಎರಡು ಗಂಟೆಗೆ ಅಂಕಿ ಬರೆದಿಡಿ. ಆಮೇಲೆ ತಗಡಿನ ಮೇಲೆ ಹುಲ್ಲೋ ಗರಿಯೋ ಹೊದಿಸಿ ಮತ್ತೆ ಹದಿನೈದು ದಿನ ಅಳೆಯಿರಿ. ಎಷ್ಟು ಡಿಗ್ರಿ ಇಳಿಯಿತೆಂಬುದನ್ನು ಗ್ರಾಫ್ ಹಾಳೆಯ ಮೇಲೆ ಹಾಕಿ ಅಪ್ಪನಿಗೆ ತೋರಿಸಿ. ಗಬ್ಬದ ಹಸುವನ್ನು ಯಾವ ಕೊಟ್ಟಿಗೆಯಲ್ಲಿ ಕಟ್ಟಬೇಕೆಂದು ಆ ಗ್ರಾಫೇ ಹೇಳುತ್ತದೆ.